ಬೆಳಕಿನ ಜೋಡಿಗೆ ದೃಷ್ಟಿಯಾಗದಿರಲಿ

ನಮ್ಮ ಲ್ಯಾಬ್‌ನಲ್ಲಿ ಕಸ ಗುಡಿಸಿ ನೆಲ ಒರೆಸುವ ಆಂಟಿಗೆ ಒಂದು ಅಭ್ಯಾಸ. ಏನಾದರೂ ಚೆನ್ನಾಗಿರುವುದು ಕಣ್ಣಿಗೆ ಬಿದ್ದರೆ ಸಾಕು, ತಕ್ಷಣ ಮುಖ ಆಚೆ ತಿರುಗಿಸಿ "ಥೂ ಥೂ" ಅನ್ನುತ್ತಾರೆ. ನನ್ನ ಹೊಸ ಚೂಡಿದಾರಕ್ಕೂ ಅಂದರು, ಹೊಸದಾಗಿ ಬಂದ ವಾಟರ್ ಫಿಲ್ಟರಿಗೂ ಅಂದರು. ಮೂಡಲಪಾಳ್ಯದಿಂದ ಬಸ್ಸು ಹಿಡಿದು ಉಲ್ಲಾಳದ ಕಡೆ ಹೋಗಿ ನಾನು ಮಾಡುವುದು ಕ್ವಾಂಟಮ್ ಸಂಶೋಧನೆ. ಆದರೆ ಅಲ್ಲಿ ದಿನವೂ ನಡೆಯುವುದು ಮಾತ್ರ ಇಂಥವೇ.

ಸಿಕ್ಕು

ಒಂದು ದಿನ ಆಂಟಿ ಮೇಜಿನ ಮೇಲಿನ ಕಪ್ಪು ಪೆಟ್ಟಿಗೆ ತೋರಿಸಿ, "ಇದರೊಳಗೆ ಏನೇ ಸಾಕಿದ್ದೀಯ?" ಅಂದರು.

ಒಳಗಿರುವುದು ಜೋಡಿ ಜೋಡಿಯಾಗಿ ಹುಟ್ಟುವ ಬೆಳಕಿನ ಕಣಗಳು. ಒಂದನ್ನು ಅಳೆದರೆ ಇನ್ನೊಂದರ ಉತ್ತರವೂ ಅದಕ್ಕೆ ಹೊಂದಿಕೊಂಡೇ ಬರುತ್ತದೆ, ಎಷ್ಟೇ ದೂರವಿದ್ದರೂ. ಹೇಗೆ ಅನ್ನುವುದು ನನಗೆ ಇವತ್ತಿಗೂ ಸೋಜಿಗ. ಇದಕ್ಕೆ ಎಂಟ್ಯಾಂಗಲ್‌ಮೆಂಟ್ ಅನ್ನುತ್ತಾರೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಏನನ್ನಬೇಕೋ ತೋಚದೆ, "ಎರಡು ಬೆಳಕು ಸಿಕ್ಕಾಗಿವೆ ಆಂಟಿ. ಆ ಸಿಕ್ಕು ಬಿಡದ ಹಾಗೆ ಕಾಯೋದೇ ನನ್ನ ಕೆಲಸ" ಅಂದೆ.

ಆಂಟಿ ನನ್ನ ತಲೆಗೂದಲನ್ನೇ ನೋಡಿದರು. "ಓಹೋ, ಅದಕ್ಕೇ ನೀನು ಎಣ್ಣೇನೂ ಹಚ್ಚಲ್ಲ, ಬಾಚ್ಕೊಳ್ಳೋದೂ ಇಲ್ಲ!"

ಬೋರ್ಡು

ಆ ಜೋಡಿಯ ನಂಟು ಬಲು ನಾಜೂಕು. ಬಾಗಿಲು ತೆರೆದು ಬೆಚ್ಚನೆ ಗಾಳಿ ನುಗ್ಗಿದರೆ, ಯಾರಾದರೂ ಧಡಧಡ ನಡೆದರೆ, ಆ ನಂಟನ್ನು ತೋರಿಸುವ ಸ್ಕ್ರೀನಿನ ಮೇಲಿನ ಗೆರೆ ಜಾರಿಬಿಡುತ್ತದೆ. ಅದು ಹತ್ತು ನಿಮಿಷ ನಿಲ್ಲಬೇಕು. ಶುಕ್ರವಾರ ಪರಿಶೀಲನೆಗೆ ಬರುವವರ ಮುಂದೆ ನಿಲ್ಲದಿದ್ದರೆ ನನ್ನ ಮೇಜು ಬೇರೆ ತಂಡಕ್ಕೆ ಅಂತ ನಮ್ಮ ಗೈಡ್ ಹೇಳಿಯಾಗಿತ್ತು. ಅಲ್ಲಿಯವರೆಗೆ ನಿಂತದ್ದು ನಾಲ್ಕೇ ನಿಮಿಷ.

ಯಾರಿಗೂ ಬಾಯಿಬಿಟ್ಟು ಬರಬೇಡಿ ಅನ್ನಲು ನನಗೆ ಸಂಕೋಚ. ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿದೆ. ಎರಡೇ ನಿಮಿಷಕ್ಕೆ ಸೆಕ್ಯೂರಿಟಿ ಅಂಕಲ್ ರಿಜಿಸ್ಟರ್ ಹಿಡಿದು ಒಳಗೇ ಬಂದರು. ಗೆರೆ ಜಾರಿತು.

"ಮೇಡಂ, ದಿನಾ ಇಲ್ಲೇ ತಾನೇ ನೀವು ಸೈನ್ ಹಾಕೋದು? ಇಲ್ಲಿ ಬರೀಬೇಡಿ ಅಂದ್ರೆ ಇನ್ನೆಲ್ಲಿ ಬರೀಲಿ?"

ಹೊರಗೆ ಹೋಗಿ ನೋಡಿದೆ. "ಒಳಗೆ ಬರೆಬೇಡಿ" ಅಂತ ಬರೆದಿದ್ದೆ.

ತಿದ್ದಿದೆ. ಈಗ ಸರಿಯಾಗಿದೆ ಅಂತ ಹೇಳಲು ಅಂಕಲ್ ಮತ್ತೆ ಒಳಗೆ ಬಂದರು.

ನಿಂಬೆಹಣ್ಣು

ಗುರುವಾರ ನನ್ನ ಸಪ್ಪೆ ಮುಖ ನೋಡಿ ಆಂಟಿ, "ಏನಾಯ್ತೇ?" ಅಂದರು.

"ಜೋಡಿ ಚೆನ್ನಾಗೇ ಇರುತ್ತೆ ಆಂಟಿ. ಹೊರಗಿನವರು ಬಂದು ಹೋದ್ರೆ, ಇಣುಕಿ ನೋಡಿದ್ರೆ ಕೆಟ್ಟುಹೋಗುತ್ತೆ. ಡಿಕೋಹೆರೆನ್ಸ್ ಅಂತಾರೆ."

"ದೃಷ್ಟಿ ಅನ್ನು. ಅಷ್ಟಕ್ಕೆ ಯಾಕೆ ಇಷ್ಟುದ್ದ ಇಂಗ್ಲಿಷು?"

ಶುಕ್ರವಾರ ಬೆಳಿಗ್ಗೆ ನಾನು ಒಳಗಿರುವಾಗ, ಬಾಗಿಲ ಗಾಜಿನಾಚೆ ಆಂಟಿ ಬಗ್ಗಿ ಏನೋ ಇಡುವುದು ಕಂಡಿತು. ಹೊಸಿಲ ನಟ್ಟನಡುವೆ, ಕುಂಕುಮ ಸವರಿದ ಎರಡು ನಿಂಬೆಹೋಳು. ತೆಗೆಯಿರಿ ಅನ್ನಲೂ ಸಂಕೋಚವಾಯಿತು.

ಸೆಕ್ಯೂರಿಟಿ ಅಂಕಲ್ ಬಂದರು, ನೆಲ ನೋಡಿದರು, ರಿಜಿಸ್ಟರನ್ನು ಎದೆಗವುಚಿಕೊಂಡು ತುದಿಗಾಲಲ್ಲಿ ಹಿಂದೆ ಸರಿದರು. ಫೋನ್ ಬಂತು: "ಮೇಡಂ, ಸೈನ್ ನಾಳೆ ಹಾಕಿದ್ರೂ ನಡೆಯುತ್ತೆ." ಪಕ್ಕದ ಲ್ಯಾಬಿನವರೆಲ್ಲ ಹಿಂದಿನ ಮೆಟ್ಟಿಲಲ್ಲಿ ಓಡಾಡತೊಡಗಿದರು.

ರಾಹುಕಾಲ ನೋಡುವವರನ್ನು ಕಂಡರೆ ನಗುವ ನಮ್ಮ ಗೈಡ್, ಸರಿಯಾಗಿ ರಾಹುಕಾಲದಲ್ಲೇ, ಹನ್ನೊಂದು ಗಂಟೆಗೆ, ಪರಿಶೀಲನೆ ಇಟ್ಟಿದ್ದರು. ಇಬ್ಬರನ್ನು ಕರೆದುಕೊಂಡು ಬಂದರು. ಮೂವರೂ ಹೊಸಿಲ ಹತ್ತಿರ ನಿಂತುಬಿಟ್ಟರು.

"ಸ್ಕ್ರೀನು ಇಲ್ಲಿಂದ್ಲೇ ಚೆನ್ನಾಗಿ ಕಾಣ್ಸುತ್ತಲ್ವಾ?" ಒಬ್ಬರ ದನಿ ಬಾಗಿಲಾಚೆಯಿಂದ ಕೇಳಿಸಿತು.

"ಹೌದೌದು, ಒಳಗೆ ಹೋಗಿ ಸುಮ್ನೆ ಯಾಕೆ ಡಿಸ್ಟರ್ಬ್ ಮಾಡೋದು," ಅಂದರು ಗೈಡ್.

ಸ್ಕೂಲ್ ಪ್ರೇಯರಿನಲ್ಲಿ ನಿಂತ ಹಾಗೆ ಮೂವರೂ ಕದಲದೆ ನಿಂತರು. ನಾಲ್ಕು ನಿಮಿಷ ದಾಟಿತು. ಎಂಟು. ಹತ್ತು. ಗೆರೆ ಜಾರಲಿಲ್ಲ. ಆಂಟಿ ಗಾಜಿನಲ್ಲಿ ಇಣುಕಿ ಗೆರೆ ನೋಡಿದವರೇ ಮುಖ ತಿರುಗಿಸಿ "ಥೂ ಥೂ" ಅಂದರು. ತಿರುಗಿದ ಕಡೆ ಗೈಡ್ ನಿಂತಿದ್ದರು.

ಬಾಗಿಲು ತೆರೆದೆ. ಬಂದವರಲ್ಲಿ ಹಿರಿಯರು ನಿಂಬೆಹೋಳನ್ನು ನೋಡಿಯೂ ನೋಡದ ಹಾಗೆ ಹೇಳಿದರು: "ಬಹಳ ಚೆನ್ನಾಗಿದೆಯಮ್ಮ. ಹೊರಗಿನ ಪರಿಸರದಿಂದ ಇದಕ್ಕೆ ರಕ್ಷಣೆ ಹೇಗೆ ಕೊಟ್ರಿ ಅಂತ ರಿಪೋರ್ಟಲ್ಲಿ ಒಂದು ಪ್ಯಾರಾ ಬರೆದುಬಿಡಿ. ಇಂಗ್ಲಿಷಲ್ಲಿ."