ಸೂರ್ಯನಿಗೆ ಬೇಕಾದ ಹತ್ತು ಬೆನ್ನು

ಸೂರ್ಯನಿಗೆ ಬೇಕಾಗಿದ್ದದ್ದು ಹತ್ತು ಬೆನ್ನು, ಅಷ್ಟೇ. ತಮಿಳುನಾಡಿನ ಕಂಬಂ ಪಕ್ಕದ, ಕನ್ನಡ ಮನೆಮಾತಿನ ಅವನ ಊರಿನಲ್ಲಿ ಬೆನ್ನಿಗೇನು ಬರವೇ? ದ್ರಾಕ್ಷಿ ಚಪ್ಪರದ ಕೆಳಗೆ ದಿನವಿಡೀ ಕತ್ತೆತ್ತಿ ನಿಲ್ಲುವ ಜನ. ಸೊಂಟ ಹಿಡಿಯದವರೇ ಇಲ್ಲ. ಅವನು ಓದುತ್ತಿದ್ದದ್ದು ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ, ಆಸ್ಟಿಯೋಪತಿ. ಮಾತ್ರೆಯಿಲ್ಲ, ಸೂಜಿಯಿಲ್ಲ, ಬರಿಗೈಯಲ್ಲಿ ಒತ್ತಿ ನೀವಿ ಮೂಳೆ ಕೀಲು ಸರಿಮಾಡುವ ವಿದ್ಯೆ. ಅಂದು ಸಂಜೆ ಐದಕ್ಕೆ ಪ್ರೊಫೆಸರ್ ಮನೋಜ್‌ಕುಮಾರ್ ಖುದ್ದಾಗಿ ಬಂದು, ಅವನ ಕೈಯಲ್ಲಿ ವಾಸಿಯಾದ ಹತ್ತು ಜನರನ್ನು ವಿಚಾರಿಸಿ, ಕೊನೆಯ ಪರೀಕ್ಷೆಯ ಫಲಿತಾಂಶ ಬರೆಯುವವರಿದ್ದರು. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಸೂರ್ಯ ಫೇಲು. ಈ ಸಲವೂ ಹೋದರೆ ಊರಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

ಬೆಳಿಗ್ಗೆಯೇ ಜಗಲಿಯಲ್ಲಿ ಮಂಚ ಹಾಕಿ ಕೂತ. ಮೊದಲು ಬಂದವರು ಪಕ್ಕದ ತೋಟದ ವೇಲುಸಾಮಿ, ಸೊಂಟ ಹಿಡಿದುಕೊಂಡು.

"ತಂಬಿ, ನೀ ಹುಟ್ಟುವಾಗ ಮುಂದಾಗಿ ಬಂದದ್ದು ತಲೆಯಾ, ಕಾಲಾ?"

"ತಲೆ ಮಾಮಾ. ಯಾಕೆ?"

"ಹಂಗಾರೆ ನಿನ್ ಕೈಲಿ ಆಗಾದಿಲ್ಲ ಬುಡು," ಎಂದು ಅವರು ಹೊರಟೇಬಿಟ್ಟರು.

ಊರಿನ ನಂಬಿಕೆಯೇ ಹಾಗೆ. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಮೂರು ಸಲ ಒದ್ದರೆ ಎಂಥ ಉಳುಕೂ ಬಿಡುತ್ತದೆ. ಹಾಗೆ ಹುಟ್ಟಿದ್ದ ಪಿಚ್ಚೈ ತಾತ ಹೋದ ತಿಂಗಳು ತೀರಿಕೊಂಡ ಮೇಲೆ ಒದೆಯುವವರಿಲ್ಲದೆ ಊರಿಗೆ ಊರೇ ಬಾಗಿತ್ತು.

ಮಧ್ಯಾಹ್ನವಾದರೂ ಒಂದು ಬೆನ್ನೂ ಸಿಗಲಿಲ್ಲ. ಆಗ ಬಂದಳು ಎದುರು ಮನೆಯ ಕಣ್ಣಮ್ಮಾಳ್. ಕೇಳಲಿ ಬಿಡಲಿ, ಎಲ್ಲರ ಮನೆ ವಿಷಯಕ್ಕೂ ಅವಳ ಸಲಹೆ ಇದ್ದೇ ಇರುತ್ತಿತ್ತು.

"ಕಾಲು ಮುಂದಾಗಿ ಹುಟ್ಟಿದ್ದು ಅಂತ ಹೇಳ್ಬುಡು ತಂಬಿ."

ಸೂರ್ಯನ ತಾಯಿ ತಿಲಗವತಿ ಹೌಹಾರಿದಳು. "ಅಯ್ಯೋ, ಹೆತ್ತೋಳು ನಾನು ಅಕ್ಕಾ!"

"ಹೆತ್ತೋಳು ನೀ ಕಣ್ಮುಚ್ಕೊಂಡು ಕಿರುಚ್ತಿದ್ದೆ. ಪಕ್ಕದಲ್ಲಿ ನಿಂತು ನೋಡ್ದೋಳು ನಾನು. ಊರು ಯಾರ ಮಾತು ನಂಬ್ತೈತೆ?"

ಕಣ್ಣಮ್ಮಾಳ್ ಬೀದಿಗಿಳಿದು ಸುದ್ದಿ ಹಬ್ಬಿಸಿದಳು. ಅರ್ಧ ಗಂಟೆಯಲ್ಲಿ ಜಗಲಿ ತುಂಬಿತು. ಸೂರ್ಯ ತೋಳು ಮಡಿಸಿ, ಕೈಯುಜ್ಜಿ, "ಮಲಗಿ ಮಾಮಾ" ಎಂದ.

"ಮಲಗಾದೇನು? ಒದಿ!" ವೇಲುಸಾಮಿ ಗೋಡೆ ಹಿಡಿದು ಬೆನ್ನು ಕೊಟ್ಟರು.

ವಿಧಿಯಿಲ್ಲದೆ ಮೂರು ಸಲ ಮೆಲ್ಲಗೆ ಒದ್ದ. ಅವರು ಕಂಬದ ಹಾಗೆ ನೆಟ್ಟಗಾದರು!

"ಈಗ ಸ್ವಲ್ಪ ಕೈಯಲ್ಲೂ..." ಸೂರ್ಯ ಗೋಗರೆದ.

"ಹೋದ ನೋವಿಗೆ ಕೈ ಯಾಕಪ್ಪಾ?" ಎಂದು ಅವರು ತೋಟಕ್ಕೆ ನಡೆದರು. ಹತ್ತು ಜನರದ್ದೂ ಇದೇ ಕತೆ. ಒಂದು ಬೆನ್ನಿಗೂ ಪಾಪದ ಹುಡುಗನ ಕೈ ಸೋಕಲಿಲ್ಲ.

ಸಂಜೆಗೆ ಹತ್ತೂ ಜನ ಮತ್ತೆ ಜಗಲಿಯಲ್ಲಿ ಸೇರಿದ್ದರು. ಐದಕ್ಕೆ ಸರಿಯಾಗಿ ಪ್ರೊಫೆಸರ್ ಬಂದಿಳಿದರು. ಒಡ್ಡನ್‌ಛತ್ರಂ ಕಡೆಯ ಕನ್ನಡದವರೇ, ಮಾತಿಗೆ ತೊಂದರೆಯಿರಲಿಲ್ಲ.

"ಈ ಹುಡುಗ ಹೆಂಗೆ ವಾಸಿ ಮಾಡ್ದ?" ವೇಲುಸಾಮಿಯನ್ನು ಕೇಳಿದರು.

"ಒದ್ದ ಸಾರ್. ಬಂಗಾರದಂಥ ಕಾಲು!"

ಹತ್ತು ಬಾಯಲ್ಲೂ ಅದೇ ಉತ್ತರ. ಪ್ರೊಫೆಸರ್ ಮುಖ ಕೆಂಪಾಯಿತು. "ವರ್ಷಗಟ್ಟಲೆ ಕೈ ತಿದ್ದಿದ್ದು ನೀ ಒದೀಲಿ ಅಂತಾನಾ?" ಎಂದು ಫಲಿತಾಂಶದ ಪುಸ್ತಕವನ್ನು ನೆಲಕ್ಕೆ ಬಡಿದರು. ಸಿಟ್ಟಿಳಿದ ಮೇಲೆ ಅದನ್ನೆತ್ತಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ಅಮ್ಮಾ! ಹಿಡ್ಕೊಂಬುಡ್ತು!"

ಸೂರ್ಯನ ಮೈಯಲ್ಲಿ ಜೀವ ಬಂತು. ದೇವರೇ ಕಳಿಸಿದ ಬೆನ್ನು! ಎರಡೂ ಕೈ ಚಾಚಿ ಓಡಿದ.

"ಬೇಡಾ! ಕೈ ಬೇಡ!" ಬಗ್ಗಿದಲ್ಲಿಂದಲೇ ಪ್ರೊಫೆಸರ್ ಚೀರಿದರು. "ನಿನ್ ಕೈ ನಾ ಬಲ್ಲೆ. ಕಾಲೇ ಹಾಕು!"

ಸೂರ್ಯ ಕಣ್ಣುಮುಚ್ಚಿ, ಗುರುವಿಗೆ ಮನಸ್ಸಿನಲ್ಲೇ ಕೈಮುಗಿದು, ಮೂರು ಒದೆ ಕೊಟ್ಟ. ಪ್ರೊಫೆಸರ್ ಸರಕ್ಕನೆ ಎದ್ದು ನಿಂತರು. ಆಚೆ ಬಾಗಿದರು, ಈಚೆ ಬಾಗಿದರು, ಕುಣಿದೇಬಿಟ್ಟರು. ಊರವರು ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ಪುಸ್ತಕ ತೆರೆದು ಖುಷಿಯಾಗಿ ಏನೋ ಗೀಚಿ, ಸಹಿ ಹಾಕಿ, ಸೂರ್ಯನ ಕೈಗಿಟ್ಟರು.

ಸೂರ್ಯ ಓದಿದ. ಫೇಲು.

"ಸಾರ್! ನಿಮ್ಗೇ ವಾಸಿಯಾಯ್ತಲ್ಲ ಸಾರ್!"

"ಅದಕ್ಕೇ ಕಣಪ್ಪ," ಪ್ರೊಫೆಸರ್ ಪ್ರೀತಿಯಿಂದ ಅವನ ಹೆಗಲು ತಟ್ಟಿದರು. "ಪಾಸ್ ಮಾಡಿದ್ರೆ ನೀ ಕಾಲೇಜು ಬುಟ್ಟು ಹೋಯ್ತೀಯ. ನಮ್ಮ ಮೇಷ್ಟ್ರುಗಳ ರೂಮಲ್ಲಿ ಇನ್ನೂ ಆರು ಜನಕ್ಕೆ ಸೊಂಟ ಹಿಡಿದೈತೆ."