ಸೋರಿಕೆ ಶೂನ್ಯ

ನಮ್ಮ ಬೀದಿಯ ನಲವತ್ತು ಮನೆಗಳು ಈ ಚಳಿಗಾಲದಲ್ಲಿ ಬೆಚ್ಚಗಿದ್ದರೆ ಅದಕ್ಕೆ ಕಾರಣ ನಾನು. ನಲವತ್ತೊಂದನೆಯದು ನನ್ನ ಮನೆ. ಅದರ ಅಡುಗೆಮನೆಯಲ್ಲಿ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಉಪಕಾರಸ್ಮರಣೆ ಎನ್ನುವುದು ಈ ಲೋಕದಿಂದ ಯಾವ ಸಂದಿಯಲ್ಲಿ ಸೋರಿಹೋಯಿತೋ, ಅದೊಂದನ್ನು ಮಾತ್ರ ನನ್ನಿಂದ ಪತ್ತೆಮಾಡಲಾಗಲಿಲ್ಲ.

ನಿವೃತ್ತನಾದ ಗಂಡಸು ಹೆಂಡತಿಯ ಕಣ್ಣಿಗೆ ಪೊರಕೆಗಿಂತ ಕಡೆ (ಪೊರಕೆಗಾದರೂ ತನ್ನದೇ ಒಂದು ಮೂಲೆ ಇರುತ್ತದೆ). ಹಾಗಾಗಿ ಬೀದಿಯ ಸಂಘದವರು ‘ಮನೆಮನೆ ವಿದ್ಯುತ್ ಉಳಿತಾಯ’ಕ್ಕೆ ಸಂಚಾಲಕ ಬೇಕು ಎಂದಾಗ ಎರಡೂ ಕೈ ಎತ್ತಿದೆ. ನನ್ನ ಆಯುಧ ಒಂದೇ: ಒಂದು ಕಡ್ಡಿ, ಅದರ ತುದಿಗೆ ಗೇಣುದ್ದದ ರೇಷ್ಮೆ ದಾರ. ಬಾಗಿಲ ಬುಡದಲ್ಲಿ, ಕಿಟಕಿಯ ಅಂಚಿನಲ್ಲಿ ಹಿಡಿದಾಗ ದಾರ ಅಲುಗಿದರೆ ಅಲ್ಲಿ ಗಾಳಿ ನುಗ್ಗುತ್ತಿದೆ, ಹೀಟರು ಸುಮ್ಮನೆ ಉರಿಯುತ್ತಿದೆ ಎಂದು ಅರ್ಥ. ನಾನು ಬೆರಳು ತೋರಿಸಿ ‘ಇಲ್ಲಿ’ ಎನ್ನುತ್ತಿದ್ದೆ, ಎದುರುಮನೆಯ ಬಡಗಿ ಮಂಡಿಯೂರಿ ರಬ್ಬರ್ ಪಟ್ಟಿ ಅಂಟಿಸುತ್ತಿದ್ದ. ಇದಕ್ಕೆ ಕಾರ್ಯವಿಭಜನೆ ಎನ್ನುತ್ತಾರೆ. ‘ಒಂದು ಸಂದಿ, ನೂರು ನಷ್ಟ’ ಎಂಬ ಕರಪತ್ರವನ್ನೂ ನಾನೇ ಬರೆದು, ಜೊತೆಗೊಂದು ದಾರದ ಕಡ್ಡಿ ಸೇರಿಸಿ ಮನೆಮನೆಗೆ ಹಂಚಿದೆ. ಮಿಕ್ಕ ಇನ್ನೂರು ಪ್ರತಿ ನಮ್ಮ ಮನೆಯಲ್ಲೇ ಬಿದ್ದಿದ್ದವು.

ನನ್ನಾಕೆಯದು ಒಂದೇ ವರಾತ. ಪಾತ್ರೆ ತೊಳೆಯುವ ಸಿಂಕಿನ ಮೇಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಗಾಳಿ ನೇರ ಕತ್ತಿಗೆ ಹೊಡೆಯುತ್ತದೆ, ಕತ್ತು ಹಿಡಿದುಕೊಂಡಿದೆ. ದೂರಿಗೆ ಹನ್ನೊಂದು ವರ್ಷ ವಯಸ್ಸಾಗಿತ್ತು. ಆದರೆ ಸಂಚಾಲಕನ ಮನೆಗೇ ಮೊದಲು ಪಟ್ಟಿ ಅಂಟಿದರೆ ಸಾರ್ವಜನಿಕ ಜೀವನದ ಗತಿಯೇನು?

“ಸರದಿ ಅಂತ ಒಂದಿರತ್ತೆ ಕಣೇ,” ಎಂದೆ. “ನಮ್ಮ ಮನೆಗೇ ಮೊದಲು ಮಾಡಿಸ್ಕೊಂಡ್ರೆ ಜನ ಏನಂತಾರೆ?”

“ನಮ್ಮ ಸರದಿ ಯಾವಾಗ?”

“ಎಲ್ಲರದ್ದೂ ಆದ್ಮೇಲೆ.”

ಅವಳು ಮತ್ತೆ ಕೇಳಲಿಲ್ಲ. ಆಗಲೇ ನಾನು ಹೆದರಬೇಕಿತ್ತು. ಒಪ್ಪಿಕೊಂಡಳು ಅಂದುಕೊಂಡೆ.

ನಲವತ್ತು ಮನೆ ಮುಗಿಯುವಷ್ಟರಲ್ಲಿ ರಬ್ಬರ್ ಖಾಲಿಯಾಗಿತ್ತು, ಬಡಗಿಯ ಸೊಂಟ ಮುಷ್ಕರ ಹೂಡಿತ್ತು. ಅತ್ತ ಸಂಘದ ಅಧ್ಯಕ್ಷೆ, ನಿವೃತ್ತ ಹೆಡ್‌ಮಿಸ್ಟ್ರೆಸ್ಸು, ನಾಳೆಯೇ ವರದಿ ಬೇಕು ಎಂದು ಹೇಳಿಕಳಿಸಿದರು. ಊಟದ ಮೇಜಿನ ಮುಂದೆ ಕೂತು ನಮ್ಮ ಮನೆಯ ಫಾರಂ ತುಂಬಿದೆ: ‘ತಪಾಸಣೆ ಪೂರ್ಣ. ಸೋರಿಕೆ ಶೂನ್ಯ.’ ಕೆಳಗೆ ಸಹಿ. ಆ ಹೊತ್ತಿಗೆ ನನ್ನಾಕೆ ಎರಡು ಮಾರು ದೂರದಲ್ಲಿ ಮಫ್ಲರ್ ಸುತ್ತಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ನನಗೆ ಕಾಣುತ್ತಿತ್ತು. ಕಂಡೂ ಬರೆದೆ.

ಹೆಡ್‌ಮಿಸ್ಟ್ರೆಸ್ಸು ಫಾರಂಗಳನ್ನು ನಿಜವಾಗಿ ಓದುವ ಅಪರೂಪದ ಪ್ರಾಣಿ. ಮಿಕ್ಕೆಲ್ಲ ಮನೆಗಳ ಫಾರಂನಲ್ಲೂ ಒಂದೋ ಎರಡೋ ಸಂದಿ ಉಳಿದಿದ್ದವು, ಶೂನ್ಯ ಎಂದಿದ್ದದ್ದು ನಮ್ಮದೊಂದರಲ್ಲೇ. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅರ್ಧ ಬೀದಿ ಮೆಟ್ಟಿಲ ಮೇಲೆ ನಿಂತಿದೆ, ಪ್ರತಿಯೊಬ್ಬರ ಕೈಯಲ್ಲೂ ನಾನೇ ಹಂಚಿದ ದಾರದ ಕಡ್ಡಿ. ‘ಮಾದರಿ ಮನೆ’ ನೋಡಲು ಬಂದಿದ್ದರು.

ಹಾಲ್‌ನಲ್ಲೇ ಭಾಷಣ ಬಿಗಿದು ತಡೆಯಲು ನೋಡಿದೆ. ಭಾಷಣ ಮುಗಿಯುವ ಮೊದಲೇ ಜನ ಅಡುಗೆಮನೆ ಹೊಕ್ಕಿದ್ದರು. ಅಲ್ಲಿ ದಾರಗಳು ಬರೀ ಅಲುಗಲಿಲ್ಲ, ಗಾಳಿಯ ರಭಸಕ್ಕೆ ಅಡ್ಡಡ್ಡ ಮಲಗಿಬಿಟ್ಟವು. ಕಿಟಕಿಯ ಕೆಳಸಂದಿಯಲ್ಲಿ ಏನೋ ತುರುಕಿದ್ದನ್ನು ಅಧ್ಯಕ್ಷೆ ಎಳೆದು, ಎಂಟು ಮಡಿಕೆ ಬಿಡಿಸಿ, ಗಟ್ಟಿಯಾಗಿ ಓದಿದರು: “ಒಂದು ಸಂದಿ, ನೂರು ನಷ್ಟ.” ಅದರ ಹಿಂದೆ ಇನ್ನೂ ಮೂವತ್ತು ಪ್ರತಿಗಳಿದ್ದವು.

“ಎಷ್ಟು ದಿನದಿಂದ ಹೀಗಿದೆಯಮ್ಮ?” ಎಂದು ನನ್ನಾಕೆಯನ್ನು ಕೇಳಿದರು.

“ಹನ್ನೊಂದು ವರ್ಷ.”

“ಇವರಿಗೆ ಹೇಳಲಿಲ್ವಾ?”

“ಹೇಳ್ದೆ. ಸರದಿ ಬಂದಿಲ್ಲ ಅಂದ್ರು.”

ದೂರುವ ದನಿಯೇ ಅಲ್ಲ. ಅಂಗಡಿ ಮುಚ್ಚಿತ್ತು ಎಂದು ಹೇಳುವಷ್ಟೇ ಸಲೀಸು. ನನಗೆ ನಾಚಿಕೆಯಾಯಿತು, ನೆಲ ನೋಡಿದೆ. ಅಲ್ಲಿ ಹಿತ್ತಿಲ ಬಾಗಿಲ ಬುಡದಲ್ಲಿ ನನ್ನ ಆಫೀಸಿನ ಪ್ಯಾಂಟಿನ ಎರಡು ಕಾಲುಗಳು ಮರಳು ತುಂಬಿಸಿಕೊಂಡು, ಅಂದವಾಗಿ ಹೊಲಿಸಿಕೊಂಡು, ಗಾಳಿಗೆ ಅಡ್ಡವಾಗಿ ಮಲಗಿದ್ದವು. ಹೆಂಗಸರು ಅವನ್ನು ಎತ್ತಿ ತಿರುಗಿಸಿ ನೋಡಿ, ಇದು ಉಪಯೋಗಕ್ಕೆ ಬರೋ ಕೆಲಸ ಎಂದರು. ಸಿಂಕಿನ ಪಕ್ಕದಲ್ಲೇ ಸಭೆ ಸೇರಿತು. ಐದು ನಿಮಿಷದಲ್ಲಿ ನನ್ನಾಕೆ ಸಂಚಾಲಕಿಯಾದಳು, ನಾನು ಮಾಜಿಯಾದೆ. ಬಡಗಿಯಂತೂ ಮೊದಲ ಬಾರಿಗೆ ನಕ್ಕ. ಕರಪತ್ರಗಳನ್ನು ಅಧ್ಯಕ್ಷೆ ದಾಖಲೆಗೆಂದು ಕೊಂಡೊಯ್ದರು.

ಈಗ ಅವಳು ಕಡ್ಡಿ ಹಿಡಿದು ಎರಡನೇ ಸುತ್ತಿಗೆ ಹೊರಡುತ್ತಾಳೆ. ಪಾತ್ರೆ ತೊಳೆಯಲು ಅವಳಿಗೆ ಪುರುಸೊತ್ತಿಲ್ಲ, ಅದು ನನ್ನ ಪಾಲಿಗೆ ಬಂದಿದೆ. ಹನ್ನೊಂದು ದಿನಕ್ಕೇ ನನ್ನ ಕತ್ತು ಹಿಡಿದುಕೊಂಡಿತು. ಅವಳು ಹನ್ನೊಂದು ವರ್ಷ ಹೇಗೆ ನಿಂತಳೋ ಎಂದು ಅನ್ನಿಸುತ್ತದೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಅದರ ಬದಲು ನಿನ್ನೆ, ಕಿಟಕಿಗೆ ಪಟ್ಟಿ ಹಾಕಿಸ್ತೀಯಾ, ನಮ್ಮ ಸರದಿ ಎಷ್ಟನೆಯದು ಎಂದು ಕೇಳಿದೆ.

ಅವಳು ಫಾರಂಗಳ ಕಟ್ಟಿನಿಂದ ತಲೆ ಎತ್ತಲಿಲ್ಲ.

“ಲಿಸ್ಟಲ್ಲಿ ನಮ್ಮನೆ ಇಲ್ಲ ರೀ. ಸೋರಿಕೆ ಶೂನ್ಯ ಅಂತ ನೀವೇ ಸಹಿ ಹಾಕಿದೀರಲ್ಲ.”