ಒಂದೇ ಸ್ಟೇಷನ್ನಿನ ರೈಲು

ನಮ್ಮ ಕಡೆ ಗಂಡಸರು ಏನೇ ಹುಚ್ಚು ಹಿಡಿಸಿಕೊಂಡರೂ ಅದಕ್ಕೊಂದು ಮರ್ಯಾದಸ್ಥ ನೆಪ ಇಟ್ಟುಕೊಂಡಿರುತ್ತಾರೆ. ಇಸ್ಪೀಟು ಆಡುವವರು ನಾಲ್ಕು ಜನರ ಸಂಪರ್ಕ ಬೇಕಲ್ಲ ಅನ್ನುತ್ತಾರೆ. ಸಂಜೆಯಾದರೆ ಕ್ಲಬ್ಬಿಗೆ ಜೀಪು ತಿರುಗಿಸುವವರು ಕಾಫಿ ರೇಟು ವಿಚಾರಿಸಿಕೊಂಡು ಬರುತ್ತೇನೆ ಅನ್ನುತ್ತಾರೆ. ನಾನು ಮಾತ್ರ ಹೇಳಿಕೊಳ್ಳಲು ಒಂದು ನೆಪವೂ ಇಲ್ಲದೆ, ಕಿವಿಯ ಮೇಲಿನ ಕೂದಲು ಬೆಳ್ಳಗಾಗುವ ವಯಸ್ಸಿನಲ್ಲಿ, ಟೇಬಲ್ಲಿನ ಮೇಲೆ ಆಟಿಕೆ ರೈಲು ಓಡಿಸುತ್ತಾ ಕೂತವನು. ಅದೂ ಎಲ್ಲಿ? ರೈಲೇ ಇಲ್ಲದ ಸೀಮೆಯಲ್ಲಿ. ಆಗ ನಮ್ಮ ಚಿಕ್ಕಮಗಳೂರಿಗೇ ರೈಲಿರಲಿಲ್ಲ, ಇನ್ನು ಆಲ್ದೂರಿನ ಪಕ್ಕದ ನಮ್ಮ ತೋಟಕ್ಕೆ ಎಲ್ಲಿಂದ ಬರಬೇಕು? ರೈಲು ಹತ್ತಬೇಕೆಂದರೆ ಕಡೂರಿಗೋ ಬೀರೂರಿಗೋ ಇಳಿಯಬೇಕಿತ್ತು. ಅಂಥ ಕಡೆ ಒಬ್ಬ ಮನುಷ್ಯ ಮನೆಯೊಳಗೆ ರೈಲು ಬಿಡುತ್ತಾನೆ ಎಂದರೆ ಕೇಳಿದವರು ಮೊದಲು ಹೆಂಡತಿಯ ಹತ್ತಿರ ಹೋಗಿ, "ಅವ್ರು ಹುಷಾರಾಗಿದಾರಲ್ವಾ?" ಎಂದು ಮೆತ್ತಗೆ ವಿಚಾರಿಸುತ್ತಿದ್ದರು.

ಇದೆಲ್ಲ ಶುರುವಾದದ್ದು ಒಂದು ಪಲ್ಪರಿನಿಂದ. ಮೂಡಿಗೆರೆ ಕಡೆಯ ಒಬ್ಬ ಹಳೇ ಪ್ಲಾಂಟರು ಎಸ್ಟೇಟು ಮಾರಿ ಬಂಗಲೆಯ ಸಾಮಾನನ್ನೆಲ್ಲ ವಿಲೇವಾರಿ ಮಾಡುತ್ತಿದ್ದಾರೆಂದು ಸುದ್ದಿ ಬಂತು. ನಮ್ಮ ಪಲ್ಪರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದಕ್ಕಿಂತ ಹೆಚ್ಚಾಗಿ ಬೀಜವನ್ನೇ ಜಜ್ಜುತ್ತಿತ್ತು. ಹಾಗಾಗಿ ನನ್ನ ಹೆಂಡತಿ ಜಯಂತಿ, "ಚೆನ್ನಾಗಿರೋ ಪಲ್ಪರ್ ಇದ್ರೆ ತಗೊಂಡು ಬನ್ನಿ, ಬೇರೆ ಏನೂ ಬೇಡ" ಎಂದು ಸ್ಪಷ್ಟವಾಗಿಯೇ ಹೇಳಿ ಕಳಿಸಿದಳು. ಅಲ್ಲಿ ಪಲ್ಪರು ಇತ್ತು, ಆದರೆ ಅದರ ಹಿಂದೆ ಒಂದು ಮರದ ಪೆಟ್ಟಿಗೆಯೂ ಇತ್ತು. ಮುಚ್ಚಳ ತೆಗೆದರೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಕಪ್ಪು ಎಂಜಿನ್ನು, ನಾಲ್ಕಾರು ಬೋಗಿ, ತುಂಡು ತುಂಡು ಹಳಿ. ಎಂಜಿನ್ನನ್ನು ಅಂಗೈ ಮೇಲಿಟ್ಟುಕೊಂಡೆ. ಅಷ್ಟೇ ನೋಡಿ, ಆಮೇಲೆ ಪಲ್ಪರು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಮನೆಗೆ ಬಂದು ಪೆಟ್ಟಿಗೆ ಇಳಿಸಿದಾಗ ಜಯಂತಿ ಅದರೊಳಗೆ ಬಗ್ಗಿ ನೋಡಿ, "ಹಣ್ಣು ಎಲ್ಲಿಂದ ಹಾಕ್ಬೇಕು ಇದಕ್ಕೆ?" ಎಂದು ಕೇಳಿದಳು.

ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟು ಕಾಫಿಯ ಮೂಟೆ ಇಡುತ್ತಿದ್ದೆವು. ಮೂಟೆಗಳು ಜಗಲಿಗೆ ವರ್ಗವಾದವು. ಆ ಜಾಗದಲ್ಲಿ ಹಲಸಿನ ಹಲಗೆಯ ದೊಡ್ಡ ಟೇಬಲ್ಲು ಬಂತು, ಅದರ ಮೇಲೆ ನಮ್ಮ ಸೀಮೆ ಮೇಲೆದ್ದಿತು. ಜಾಲರಿ ಬಗ್ಗಿಸಿ, ಹಳೇ ಪೇಪರು ಅಂಟಿಸಿ ಗುಡ್ಡ ಮಾಡಿದೆ. ಒಂದು ಮೂಲೆಗೆ ಮೂಡಿಗೆರೆ ಕಡೆಯ ದೇವರಮನೆ ಬೆಟ್ಟದ ಹುಲ್ಲುಗುಡ್ಡ, ಮಧ್ಯಕ್ಕೆ ಒಂದು ಸುರಂಗ, ಇಳಿಜಾರಿನ ತುಂಬ ಕಾಫಿ ತೋಟ. ತೆಂಗಿನ ನಾರನ್ನು ಹಸಿರು ಬಣ್ಣದಲ್ಲಿ ಅದ್ದಿ ಕಾಫಿ ಗಿಡ ಮಾಡಿದೆ. ಹಣ್ಣಿಗೆ ರಾಗಿಕಾಳನ್ನು ಒಂದೊಂದಾಗಿ ಕೆಂಪು ಬಳಿದು ಅಂಟಿಸಿದೆ. ಆ ವರ್ಷ ತೋಟದಲ್ಲಿ ಪಿಕಿಂಗಿಗೆ ಆಳು ಸಿಗದೆ ಒದ್ದಾಡುತ್ತಿದ್ದಾಗ ನನ್ನ ಟೇಬಲ್ಲಿನ ಪಿಕಿಂಗ್ ಮಾತ್ರ ಒಂದೇ ವಾರದಲ್ಲಿ ಮುಗಿಯಿತು. ಇರುವೆಗಳು ಸಾಲಾಗಿ ಬಂದು ಫಸಲನ್ನೆಲ್ಲ ಹೊತ್ತುಕೊಂಡು ಹೋದವು.

ನನ್ನ ರೈಲು ನೋಡಲು ಬಂದವರು ಯಾರೂ ರೈಲು ನೋಡಲಿಲ್ಲ ಎನ್ನುವುದು ನನ್ನ ಬಹುದಿನದ ಸಂಕಟ. ಪಕ್ಕದ ತೋಟದ ಪುಟ್ಟಸ್ವಾಮಣ್ಣನನ್ನೇ ತೆಗೆದುಕೊಳ್ಳಿ. ಎಂಜಿನ್ನು ಸುರಂಗದಿಂದ ಹೊರಬಂದು, ಸೇತುವೆ ದಾಟಿ, ಸ್ಟೇಷನ್ನಿನ ಮುಂದೆ ಹಾಯುತ್ತಿದೆ. ನಾನು ಉಸಿರು ಬಿಗಿಹಿಡಿದು ಅವನ ಮುಖ ನೋಡುತ್ತಿದ್ದೇನೆ. ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ಗುಡ್ಡದ ಕಡೆ ತಿರುಗಿ, "ಎಂಥ ಮಾರಾಯ ಇದು, ಅರೇಬಿಕಾಕ್ಕೆ ಒಂಚೂರೂ ನೆರಳಿಲ್ವಲ್ಲ! ಬೋರರ್ ಹೊಡ್ದು ಗಿಡ ಎಲ್ಲ ಹೋಗ್ತವೆ ನೋಡು" ಎಂದ. ನಾರಿನ ಗಿಡಕ್ಕೆ ಕಾಂಡಕೊರಕ ಬರುವುದಿಲ್ಲ ಎಂದು ವಾದಿಸಬಹುದಿತ್ತು. ಆದರೆ ಅವನು ಹೋದ ಮೇಲೆ ನಾನೂ ನೋಡಿದೆ, ಹೌದಲ್ಲ, ನೆರಳು ಸಾಲದು ಅನ್ನಿಸಿತು. ಕೂತು ಸಿಲ್ವರ್ ಓಕ್ ಮಾಡಿದೆ. ಮುಂದಿನ ಸಲ ಬಂದವನು ನೆರಳು ಜಾಸ್ತಿಯಾಯಿತು, ಕಪಾತು ಮಾಡಿಸು ಎಂದ. ಮಾಡಿದೆ, ಉಗುರು ಕತ್ತರಿಸುವ ಕತ್ತರಿಯಲ್ಲಿ.

ಇನ್ನೊಂದು ಎಡವಟ್ಟು ನನ್ನದೇ ಬುದ್ಧಿವಂತಿಕೆಯ ಫಲ. ಬಣ್ಣ ಹಚ್ಚಿದ ಗುಡ್ಡ ಸಪ್ಪೆಯಾಗಿ ಕಂಡಿತೆಂದು ಜೂನ್ ತಿಂಗಳಲ್ಲಿ ತೋಟದ ಕಲ್ಲುಗಳ ಮೇಲಿನ ಹಸಿ ಪಾಚಿಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ತಂದು ಹೊದಿಸಿದೆ. ಮಲೆನಾಡಿನ ಪಾಚಿ ಅಲ್ಲವೇ, ಟೇಬಲ್ಲೋ ಕಾಡೋ ಎಂದು ನೋಡಲಿಲ್ಲ, ಬೆಳೆಯಿತು. ಸುರಂಗದ ಬಾಯಲ್ಲಿ ಜರಿಗಿಡ ಚಿಗುರಿತು. ಹಳಿಯ ಪಕ್ಕ ಅಣಬೆ ಎದ್ದಿತು. ಒಂದು ದಿನ ಪುಟ್ಟಸ್ವಾಮಣ್ಣ ಗುಡ್ಡಕ್ಕೆ ಮೊಣಕೈ ಊರಿ ಕಾಳುಮೆಣಸಿನ ರೇಟಿನ ಬಗ್ಗೆ ಮಾತಾಡಿ ಹೋದ. ಮನೆಗೆ ಹೋಗಿ ನೋಡಿಕೊಂಡರೆ ತೋಳಿನಲ್ಲಿ ರಕ್ತ ಹೀರಿ ದುಂಡಗಾದ ಇಂಬಳ! "ಅವನ ದೇವರಮನೆ ಗುಡ್ಡ ಒಂದು ಮಾತ್ರ ಅಸಲಿ ಕಣಾ" ಎಂದು ಊರೆಲ್ಲ ಹೇಳಿಕೊಂಡು ಬಂದ. ನನ್ನ ಕೆಲಸಕ್ಕೆ ಸಿಕ್ಕಿದ ಮೊದಲ ಪ್ರಶಂಸೆ ಅದು.

ಜಯಂತಿ ಇದೆಲ್ಲವನ್ನೂ ಸಹಿಸಿಕೊಂಡಳು. ಸಹಿಸಿಕೊಂಡಳು ಎಂದರೆ, ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, "ನಿಲ್ಸಿ ಸಾಕು, ಆಳುಗಳು ಕಾಯ್ತಿದಾರೆ" ಎನ್ನುತ್ತಿದ್ದಳು. ಆದರೆ ಅವಳಿಗೆ ರೈಲೆಂದರೆ ತಾತ್ಸಾರವಿರಲಿಲ್ಲ. ಅವಳು ಹುಟ್ಟಿದ್ದೇ ರೈಲ್ವೆ ಕ್ವಾರ್ಟರ್ಸಿನಲ್ಲಿ. ನಮ್ಮ ಮಾವ, ಅಂದರೆ ಅವಳ ಅಪ್ಪ, ಕಡೂರಿನಾಚೆಯ ಬಯಲಿನಲ್ಲಿ ಒಂದು ಸಣ್ಣ ಸ್ಟೇಷನ್ನಿನ ಮಾಸ್ತರರಾಗಿ ನಿವೃತ್ತರಾದವರು. ಬಹಳ ಒಳ್ಳೆಯ ಮನುಷ್ಯ, ಆದರೆ ತಿರುವಿನ ರಸ್ತೆ ಎಂದರೆ ಜೀವ ಹೋಗುತ್ತಿತ್ತು. ಬಸ್ಸು ನಾಲ್ಕು ಸಲ ಎಡಕ್ಕೆ, ನಾಲ್ಕು ಸಲ ಬಲಕ್ಕೆ ತಿರುಗಿತೆಂದರೆ ಅವರ ಹೊಟ್ಟೆ ಬಾಯಿಗೆ ಬರುತ್ತಿತ್ತು. ಮದುವೆಯ ದಿನ ನಮ್ಮ ಕಡೆಯವರೆಲ್ಲ ನಮ್ಮೂರಿಗೆ ಕರೆದಾಗ ಅವರು ನಗುತ್ತಾ, "ನಿಮ್ಮೂರಿಗೆ ರೈಲು ಬರ್ಲಿ, ಅವತ್ತು ಮೊದಲನೇ ಗಾಡಿಗೇ ಬರ್ತೀನಿ" ಎಂದಿದ್ದರು. ಎಲ್ಲರೂ ನಕ್ಕಿದ್ದೆವು. ಆದರೆ ವರ್ಷಗಳು ಹೋದವು, ರೈಲೂ ಬರಲಿಲ್ಲ, ಮಾವನೂ ಬರಲಿಲ್ಲ.

ಜಯಂತಿಗೆ ಇದ್ದದ್ದು ಒಂದೇ ಆಸೆ. ಅಪ್ಪ ಒಂದು ಸಲ ತನ್ನ ಮನೆಗೆ ಬರಬೇಕು, ತನ್ನ ಕೈಯಡುಗೆ ಉಣ್ಣಬೇಕು. ಬಯಲುಸೀಮೆಯ ಹುಡುಗಿ ಇಲ್ಲಿಗೆ ಬಂದು, ನನ್ನ ತಾಯಿಯ ಹತ್ತಿರ ಬೈಸಿಕೊಂಡು ಬೈಸಿಕೊಂಡು ಕಡುಬು ಮಾಡುವುದನ್ನು ಕಲಿತವಳು. ಈಗ ಅವಳ ಕಡುಬು, ಕೋಳಿಸಾರೆಂದರೆ ಸುತ್ತಮುತ್ತ ಹೆಸರುವಾಸಿ. ಯಾರು ಎಷ್ಟು ಹೊಗಳಿದರೂ ಕೊನೆಗೆ, "ಅಪ್ಪ ಒಂದ್ಸಲ ತಿನ್ಬೇಕಿತ್ತು" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ತವರಿಗೆ ಹೊತ್ತುಕೊಂಡು ಹೋಗೋಣವೆಂದರೆ ಕಡುಬು ಹಬೆಯಾಡುವಾಗಲೇ ತಿನ್ನಬೇಕಾದ ವಸ್ತು, ಕಡೂರು ತಲುಪುವಷ್ಟರಲ್ಲಿ ಅದನ್ನು ಎಸೆದು ಮಾವಿನಕಾಯಿ ಉದುರಿಸಬಹುದು.

ಒಂದು ದಿನ ಅವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ರೈಲು ನೋಡಿದಳು. ನಿಲ್ಸಿ ಅನ್ನಲಿಲ್ಲ. ಸೀದಾ ಹೋಗಿ ತವರಿಗೆ ಫೋನ್ ಮಾಡಿ, "ಅಪ್ಪ, ನಮ್ಮನೆಗೆ ರೈಲು ಬಂತು" ಎಂದಳು. ಆ ಕಡೆಯಿಂದ ಮಾವ ಏನೋ ಕೇಳಿದರು. ಜಯಂತಿ ರಿಸೀವರನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿ, "ಯಾವ ಗೇಜು ಅಂತ ಕೇಳ್ತಿದಾರೆ" ಎಂದಳು. "ಹದಿನಾರೂವರೆ ಮಿಲಿಮೀಟರು" ಎಂದೆ. ಅವಳು ಫೋನಿನಲ್ಲಿ, "ಮೀಟರ್ ಗೇಜಿಗಿಂತ ಸ್ವಲ್ಪ ಚಿಕ್ಕದಪ್ಪ" ಎಂದಳು. ಆ ಕಡೆಯ ನಗು ನನಗೂ ಕೇಳಿಸಿತು. ಕೊಟ್ಟ ಮಾತಿಗೆ ತಪ್ಪುವವರಲ್ಲ ನಮ್ಮ ಮಾವ. ಬರುತ್ತೇನೆ ಎಂದರು.

ಬಂದರು. ಕಡೂರಿನವರೆಗೆ ಸುಖವಾಗಿ ರೈಲಿನಲ್ಲಿ, ಅಲ್ಲಿಂದ ನನ್ನ ಜೀಪಿನಲ್ಲಿ. ಚಿಕ್ಕಮಗಳೂರು ದಾಟಿದ ಮೇಲೆ ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು ಕಣ್ಣು ಮುಚ್ಚಿದವರು, ತಿರುವು ತಿರುವಿಗೂ ಇಳಿದು ಮುಖ ತೊಳೆದುಕೊಂಡು, "ಪರವಾಗಿಲ್ಲ ಅಳಿಯಂದ್ರೇ, ನಡೀರಿ" ಎನ್ನುತ್ತಾ ಬಂದರು. ಮಗಳ ಮನೆಯ ಅಂಗಳದಲ್ಲಿ ಇಳಿದು ಸ್ವಲ್ಪ ಮಜ್ಜಿಗೆ ಕುಡಿದ ಮೇಲೆ ಮುಖಕ್ಕೆ ಬಣ್ಣ ಬಂತು. ಒಳಗೆ ಕಡುಬು ಬೇಯುತ್ತಿತ್ತು. ಇನ್ನೇನು ಇಳಿಸಬೇಕು, ಅಷ್ಟರೊಳಗೆ ಒಂದೇ ಒಂದು ಸುತ್ತು ರೈಲು ತೋರಿಸಿಬಿಡೋಣ ಎಂದು ನಾನು ಅವರನ್ನು ಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿದೆ.

ಗುಂಡಿ ತಿರುಗಿಸಿದೆ. ರೈಲು ಸುರಂಗದಿಂದ ಹೊರಬಂತು. ಸ್ಟೇಷನ್ನು ಇನ್ನೂ ಒಂದು ಗೇಣು ದೂರವಿದೆ ಎನ್ನುವಾಗ ಮಾವ ಎದ್ದು ನಿಂತರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಹಸಿರು ಬಾವುಟ ಹಿಡಿದವರ ಹಾಗೆ ಬಲಗೈಯನ್ನು ನೇರವಾಗಿ ಮುಂದೆ ಚಾಚಿ, ಕೊನೆಯ ಬೋಗಿ ದಾಟುವವರೆಗೆ ಹಾಗೇ ನಿಂತು, ಆಮೇಲೆ ಕೂತರು. ಇಷ್ಟು ವರ್ಷದಲ್ಲಿ ನನ್ನ ರೈಲನ್ನು ರೈಲೆಂದು ನೋಡಿದ ಮೊದಲ ಮನುಷ್ಯ! ಆದರೆ ನನ್ನದು ಸುತ್ತು ಹಳಿ. ಅವರು ಕೂತು ಬೆನ್ನು ಒರಗಿಸುವಷ್ಟರಲ್ಲಿ ರೈಲು ಮತ್ತೆ ಬಂತು. ಮತ್ತೆ ಎದ್ದರು, ಕೈ ಚಾಚಿದರು, ಕೂತರು. ಮತ್ತೆ ಬಂತು.

ಅಡುಗೆಮನೆಯಿಂದ, "ಅಪ್ಪ, ಕಡುಬು ಇಳಿಸ್ದೆ, ಬಾರಪ್ಪ" ಎಂದು ಕರೆ ಬಂತು. "ಬಂದೆ ಕಣಮ್ಮ, ಈ ಗಾಡಿ ಹೋಗ್ಲಿ" ಎಂದರು. ಗಾಡಿ ಹೋಯಿತು, ಬಂತು. ನಾನು, "ನಿಲ್ಲಿಸ್ತೀನಿ ಮಾವ" ಎಂದು ಕೈ ಹಾಕಿದರೆ, "ಬೇಡಿ ಬೇಡಿ, ಮಧ್ಯದಲ್ಲಿ ನಿಲ್ಲಿಸ್ಬಾರ್ದು" ಎಂದರು. ಸ್ಟೇಷನ್ನಿಗೆ ಬಂದಾಗ ನಿಲ್ಲಿಸುತ್ತೇನೆ ಎಂದೆ. "ಇರೋದು ಒಂದೇ ಲೈನು. ಇದನ್ನ ಇಲ್ಲೇ ನಿಲ್ಲಿಸಿದ್ರೆ ಹಿಂದೆ ಬರೋ ಗಾಡಿಗೆ ದಾರಿ?" ಎಂದರು. ಹಿಂದೆ ಯಾವ ಗಾಡಿಯೂ ಇಲ್ಲ, ನನ್ನ ಹತ್ತಿರ ಇರುವುದೇ ಒಂದು ಎಂದು ಹೇಳಿದೆ. ಮಾವ ತಮಾಷೆಗೆ ಹೇಳುತ್ತಿದ್ದಾರೋ, ನಿಜವಾಗಿ ಹೇಳುತ್ತಿದ್ದಾರೋ ಗೊತ್ತಾಗಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ. ಮುಖದಲ್ಲಿ ನಗುವಿತ್ತು, ಕೈ ಮಾತ್ರ ಡ್ಯೂಟಿಯಲ್ಲಿತ್ತು. "ಮುಂದಿನ ಸ್ಟೇಷನ್ ಯಾವುದು?" ಎಂದು ಕೇಳಿದರು. "ಇದೇ" ಎಂದೆ. "ಹಂಗಾದ್ರೆ ಗಾಡಿ ಸೇರ್ತು ಅಂತ ನಂಗೆ ಯಾರು ಹೇಳ್ತಾರೆ? ಅದು ಗೊತ್ತಾಗ್ದೆ ನಾನು ಊಟಕ್ಕೆ ಹೆಂಗೆ ಏಳ್ಲಿ?"

ಒಂದೇ ಸ್ಟೇಷನ್ನು ಕಟ್ಟಿದ ನನ್ನ ಜಿಪುಣತನಕ್ಕೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಗೋಡೆಯ ಆಚೆ ಕಡುಬು ಆರುತ್ತಿದೆ. ಇಷ್ಟು ವರ್ಷ ಕಾದ ಊಟ, ನನ್ನ ಆಟಿಕೆಯಿಂದಾಗಿ ಹಾಳಾಗುತ್ತಿದೆ. ಕರೆಂಟಾದರೂ ಹೋಗಲಿ ಎಂದು ದೇವರನ್ನು ಬೇಡಿಕೊಂಡೆ. ನಮ್ಮ ಆಲ್ದೂರು ಲೈನಿನ ಕರೆಂಟು, ಒಂದು ಕಾಗೆ ಸೀನಿದರೂ ಹೋಗುವಂಥದ್ದು, ಅವತ್ತು ಕಣ್ಣು ಮಿಟುಕಿಸಲಿಲ್ಲ. ಜಯಂತಿ ಬಾಗಿಲಿಗೆ ಬಂದಳು. ಅಪ್ಪ ಏಳುವುದನ್ನೂ ಕೂರುವುದನ್ನೂ ನೋಡಿದಳು. ನನಗೆ ಬೈಯುತ್ತಾಳೆಂದುಕೊಂಡರೆ ಸರಸರ ಒಳಗೆ ಹೋದಳು.

ಮರುಗಳಿಗೆಯಲ್ಲಿ ಅಡುಗೆಮನೆಯಿಂದ ಹಿತ್ತಾಳೆ ತಟ್ಟೆಗೆ ಸೌಟಿನಲ್ಲಿ ಬಾರಿಸಿದ ಸದ್ದು ಕೇಳಿತು, ತಡೆದು ತಡೆದು, ಒಂದು ಲೆಕ್ಕದಲ್ಲಿ. ಹಿಂದೆಯೇ ಅವಳ ದನಿ: "ಗಾಡಿ ಪೂರ್ತಿ ಬಂದು ಸೇರ್ತು!" ಮಾವನ ಚಾಚಿದ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ನನಗೆ ತಿಳಿದದ್ದು, ಕ್ವಾರ್ಟರ್ಸಿನಲ್ಲಿದ್ದಾಗ ಅವಳ ಅಮ್ಮ ಅಪ್ಪನನ್ನು ಊಟಕ್ಕೆ ಕರೆದುಕೊಂಡು ಬಾ ಎಂದು ಅವಳನ್ನು ಅಟ್ಟುತ್ತಿದ್ದರಂತೆ, ಮುಂದಿನ ಸ್ಟೇಷನ್ನಿನಿಂದ ಗಂಟೆ ಬರುವವರೆಗೆ ಅಪ್ಪನೂ ಏಳುತ್ತಿರಲಿಲ್ಲ, ಅವಳೂ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕಾಯುತ್ತಿದ್ದಳಂತೆ. ಆ ಗಂಟೆ ಅವಳ ಕಿವಿಯಲ್ಲಿ ಹಾಗೇ ಉಳಿದಿತ್ತು. ಮಾವ ಕಣ್ಣೊರೆಸಿಕೊಂಡರು. "ಕತ್ತೆ, ಇನ್ನೂ ನೆನಪಿಟ್ಕೊಂಡಿದಾಳೆ" ಎಂದರು. ಹೊರಟವರು ಬಾಗಿಲಲ್ಲಿ ತಿರುಗಿ, "ಅಳಿಯಂದ್ರೇ, ಸ್ಟೇಷನ್ ಖಾಲಿ ಬಿಡ್ಬಾರ್ದು, ನೀವೊಂದು ಸ್ವಲ್ಪ ನೋಡ್ಕೊಳ್ಳಿ" ಎಂದು ಕುರ್ಚಿ ತೋರಿಸಿದರು. ಮಾವನ ಮಾತು, ಕೂತೆ.

ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು. ಎಲೆ ಹಾಕಿದ್ದು, ಸಾರು ಬಡಿಸಿದ್ದು. "ಇದೇನಮ್ಮ, ಇಷ್ಟು ದುಂಡಗೆ?" "ಕಡುಬಪ್ಪ. ಮುರ್ದು ಸಾರಲ್ಲಿ ಅದ್ಕೊಂಡು ತಿನ್ನು." ಮಾವ ಮೊದಲ ತುತ್ತು ಬಾಯಿಗಿಟ್ಟಿರಬೇಕು, ಕಿವಿಗೊಟ್ಟು ಕೂತೆ. ಆ ಹೊತ್ತಿನಲ್ಲಿ ರೈಲು ಎಷ್ಟು ಸಲ ನನ್ನ ಮುಂದೆ ಹೋಯಿತೋ ನಾನು ನೋಡಲಿಲ್ಲ. ಕೊನೆಗೆ ಮಾವನ ದನಿ ಬಂತು: "ಇನ್ನೊಂದು ಹಾಕು." ಜಯಂತಿ ನಕ್ಕಳು. ಅಂಥ ನಗು ನಮ್ಮ ಮನೆಯಲ್ಲಿ ನಾನು ಕೇಳಿರಲೇ ಇಲ್ಲ. ಕ್ವಾರ್ಟರ್ಸಿನ ಬೆಂಚಿನ ಮೇಲೆ ಕಾಲಾಡಿಸುವ ಹುಡುಗಿಯ ನಗು ಅದು. ನನಗೆ ಸಂತೋಷವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕೋಳಿಸಾರಿನ ವಾಸನೆ ಗೋಡೆ ದಾಟಿ ಬಂದು ಹೊಟ್ಟೆ ತಾಳ ಹಾಕತೊಡಗಿತು. ಇನ್ನು ಯಾರೂ ನೋಡುವುದಿಲ್ಲ, ಮೆಲ್ಲಗೆ ಆರಿಸಿ ಊಟಕ್ಕೆ ಹೋಗೋಣವೆಂದು ಗುಂಡಿಗೆ ಕೈ ಹಾಕಿದೆ. ಗಾಲಿಯ ಸದ್ದು ಒಂಚೂರು ಇಳಿದದ್ದೇ ತಡ, ಆ ಕಡೆ, "ಯಾಕೆ, ಗಾಡಿ ನಿಂತೋಯ್ತಾ?" ಎಂದು ಮಣೆ ಸರಿದ ಶಬ್ದ. ಜಯಂತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಕಣ್ಣಿನಲ್ಲಿ ಇನ್ನೂ ನೀರಿತ್ತು. "ರೀ, ಓಡಿಸ್ರೀ, ನಿಲ್ಲಿಸ್ಬೇಡಿ. ಅಪ್ಪ ಇನ್ನೂ ತಿಂತಿದಾರೆ" ಎಂದಳು. ನನ್ನ ಊಟದ ಬಗ್ಗೆ ಏನಾದರೂ ಹೇಳುತ್ತಾಳೇನೋ ಎಂದು ಅವಳ ಮುಖ ನೋಡಿದೆ. ಅವಳು ಆಗಲೇ ಒಳಗೆ ಹೋಗಿದ್ದಳು. ನಾನು ಗುಂಡಿಯನ್ನು ಮತ್ತೆ ತಿರುಗಿಸಿದೆ. ರೈಲು ಸುರಂಗದಿಂದ ಹೊರಬಂತು. ನೋಡುವವರು ಯಾರೂ ಇಲ್ಲದಿದ್ದರೂ ನಾನು ಎದ್ದು ನಿಂತು ಕೈ ಚಾಚಿದೆ.